ನೂರೆಂಟು ಹೊಲಿಗೆ

ಮೊದಲು ಕೈ ತೊಳೆದುಕೊಂಡೆ.
ಅವೆನ್ಯೂ ರೋಡಿನ ಎರಡನೇ ಮಹಡಿ,
ನಲ್ಲಿಯಲ್ಲಿ ನೂಲೆಳೆಯಷ್ಟು ನೀರು.
ಸೋಪಿನ ಜಿಡ್ಡು ಹೋಗುವ ತನಕ ಸಿಸಿಲಿಯಮ್ಮ ಕಾದರು,
ಮಡಿಲಲ್ಲಿ ಹಳೇ ಓವಲ್ಟೀನ್ ಡಬ್ಬಿ,
ಡಬ್ಬಿಯೊಳಗೆ ಯಾವುದೋ ಮಗುವಿನ ಉಣ್ಣೆ ಟೋಪಿ,
ಟೋಪಿಯೊಳಗೆ ಚೆಂಡು.

"ಕ್ರಿಕೆಟ್ಟಿಂದಲ್ಲ ಸಾರ್," ಅಂದರು, ತಪ್ಪೊಪ್ಪಿಕೊಳ್ಳುವ ಹಾಗೆ.
ಅಲ್ಲ. ಕ್ರಿಕೆಟ್ಟಿನದಕ್ಕೆ ನಡುಮಧ್ಯೆ ನೆಟ್ಟಗಿನ ದಾರಿ.
ಇದರ ಕೆಂಪು ಹೊಲಿಗೆ ಲಾಳದ ಹಾಗೆ ಬಾಗಿ
ಸುತ್ತಾಡಿ, ಹೊರಟಲ್ಲಿಗೇ ಬರುತ್ತದೆ.
ಎಣಿಸಿದೆ. ನೂರೆಂಟು.
ಎಣಿಸಲು ಬೇಜಾರಾದದ್ದಕ್ಕೆಲ್ಲ ನಾವು ನೂರೆಂಟು ಅನ್ನುತ್ತೇವೆ,
ಇವರು ನಿಜವಾಗಿಯೂ ಎಣಿಸಿಯೇ ಹೊಲಿದಿದ್ದಾರೆ.

ಅಜ್ಜ ಚೌರಪ್ಪ, ವಿಮಾನ ಕಾರ್ಖಾನೆಯಲ್ಲಿ ಹೆಲ್ಪರು.
ಯುದ್ಧದ ಕಾಲ. ನೀರ ಮೇಲೇ ಇಳಿಯುವ
ದೋಣಿಹೊಟ್ಟೆಯ ವಿಮಾನಗಳು ರಿಪೇರಿಗೆಂದು
ಬೆಳ್ಳಂದೂರು ಕೆರೆಗೆ ಬರುತ್ತಿದ್ದವು.
ಜೊತೆಗೆ ಅಮೆರಿಕದ ಹುಡುಗರು; ಸಂಜೆಯಾದರೆ ದಂಡೆಯಲ್ಲಿ
ದೊಣ್ಣೆ, ಚೆಂಡು, ಬೊಬ್ಬೆ.
ಒಂದು ದಿನ ಚೆಂಡು ನೀರಿಗೆ ಬಿತ್ತು. ತೇಲಿತು.
ಈಜಿ, ಗದ್ದದಲ್ಲಿ ತಳ್ಳಿಕೊಂಡು
ದಡಕ್ಕೆ ತಂದವನು ಚೌರಪ್ಪ.
ಅವತ್ತಿನಿಂದ ಅವನಿಗೂ ಒಂದು ಮೂಲೆ. ಕೈಗವಸು ಇಲ್ಲ.

"ಇದಕ್ಕೆಲ್ಲ ಕಾಗದ ಏನಾದರೂ?"
"ಕಾಗದ ಎಲ್ಲಿಂದ ಸಾರ್. ಬೆರಳಿತ್ತು.
ಎಡಗೈ ಕಿರುಬೆರಳು, ಪೆಟ್ಟಿಗೆಯಲ್ಲಿ ಮಲಗಿಸುವಾಗಲೂ ಸೊಟ್ಟ."

ಭೂತಗನ್ನಡಿ ಹಚ್ಚಿದೆ. ಹನ್ನೊಂದು ಸಹಿ.
ಹೆಸರು ಮಾಡಿದವರು ಒಬ್ಬರೂ ಇಲ್ಲ.
ಒಬ್ಬ ಕೆಳಗೆ ಒಹಾಯೊ ಅಂತ ಊರು ಬರೆದಿದ್ದಾನೆ,
ಇನ್ನೊಬ್ಬ ಹೆಸರಿನ ಜಾಗದಲ್ಲಿ ಮೀನು.
ಮಸಿ ಚರ್ಮಕ್ಕೆ ಇಳಿದು ಅಂಚಲ್ಲಿ ಕಂದು ಹಬ್ಬಿದೆ:
ಅಚ್ಚಲ್ಲ, ಕೈಬರಹ. ಆ ಕಾಲದ್ದೇ.
ಇಷ್ಟಕ್ಕೆ ನಾನು ಜವಾಬ್ದಾರ.

ಆದರೆ ಮೇಲೇನಿದು, ಜೇನಿನ ಬಣ್ಣ, ಗಾಜಿನ ನುಣುಪು?
"ರೆಕ್ಕೆಬಟ್ಟೆಗೆ ಬಳಿಯೋ ಡೋಪು ಸಾರ್.
ಮಳೆಗೆ ಜಗ್ಗಬಾರದು ಅಂತ ಮೂರು ಕೋಟು ಹೊಡೆದರಂತೆ."
ಲೊಚಗುಟ್ಟಿದೆ.
ಕೊಳ್ಳುವವರಿಗೆ ಬಿಳುಪು ಬೇಕು,
ಇಂಥ ಬಳಿತ ಕಂಡರೆ ಮುಕ್ಕಾಲು ಬೆಲೆ ಅಲ್ಲೇ ಹೋಯಿತು.
ಎಬ್ಬಿಸಬಹುದೇ? ಎಬ್ಬಿಸಿದರೆ ಮಸಿಯೂ ಎದ್ದು ಬರುತ್ತದೋ ಏನೋ.
ಕಡ್ಡಿಯ ತುದಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ,
ಖಾಲಿ ಜಾಗ ಹುಡುಕಿದೆ.
ಒಂದಿತ್ತು, ಹೊಲಿಗೆಯ ಮಗ್ಗುಲಲ್ಲಿ.
ಅಭ್ಯಾಸಬಲ, ಟಾರ್ಚನ್ನು ಓರೆಯಾಗಿ ಹಿಡಿದೆ.

ಗೀರು. ಸೀಸದ ಕಡ್ಡಿಯದು, ಬಣ್ಣ ಹಾರಿ ಬರೀ ಗೀರು.
ಚೌ.
ಆಮೇಲೆ ರ.
ಆಮೇಲೆ ಪ, ಒತ್ತಿಲ್ಲದೆ.

ಹತ್ತಿ ಕೆಳಗಿಟ್ಟೆ.
"ಆಗಿರಲಿಕ್ಕಿಲ್ಲ ಸಾರ್," ಅಂದರು ಸಿಸಿಲಿಯಮ್ಮ,
"ಸಂಬಳದ ಪಟ್ಟಿಗೆ ಅಜ್ಜಂದು ಕೊನೇವರೆಗೂ ಹೆಬ್ಬೆಟ್ಟು."
ತಾಳೆ ನೋಡಲು ಇನ್ನೊಂದು ಸಹಿ ಬೇಕು. ಇಲ್ಲ.
ಬೇರೆ ಯಾರೋ ಅವನ ಹೆಸರು ಬರೆದಿರಬಹುದು.
ಚರ್ಮ ಹರಿಯುವಷ್ಟು ಒತ್ತಿ
ಅವನೇ ಬರೆದಿರಬಹುದು, ಜನ್ಮಕ್ಕೊಂದು ಸಲ.
ಫಾರಮ್ಮಿನಲ್ಲಿ ಬರೆದೆ: ಹನ್ನೆರಡನೆಯದು, ಖಚಿತವಿಲ್ಲ.
ಬರೆದು, ಅದನ್ನೇ ಸ್ವಲ್ಪ ಹೊತ್ತು ನೋಡಿದೆ.

ಬೆಲೆ ಎರಡು ಸಾವಿರ, ಅದೂ ಯಾರಾದರೂ ಹುಚ್ಚ ಸಿಕ್ಕರೆ.
ನಗಬೇಡಿ, ಡಬ್ಬಿಗೆ ಎಂಟುನೂರು ಬರುತ್ತದೆ.
ಬಿಸಿಲಿಗಿಡಬೇಡಿ, ಟ್ಯೂಬ್‌ಲೈಟಿಗೂ.
ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬೇಡಿ, ಬೆವರುತ್ತದೆ.
ಉಣ್ಣೆ ಬೇಡ, ನುಸಿ. ತಿರುಗಿಸಿ ತಿರುಗಿಸಿ ತೋರಿಸಬೇಡಿ.
ಬರಿಗೈಯಲ್ಲಿ ಮಾತ್ರ ಮುಟ್ಟಲೇಬೇಡಿ.
ಎಲ್ಲಕ್ಕೂ ತಲೆಯಾಡಿಸಿದರು.
"ಡಬ್ಬಿ ನೀವೇ ಇಟ್ಕೊಳ್ಳಿ ಸಾರ್, ಫೀಸಿಗೆ ಆಯ್ತು."
ಟೋಪಿ ಮಡಿಸಿ ಚೀಲಕ್ಕೆ ಹಾಕಿದರು. ಚೆಂಡು ಕೈಯಲ್ಲೇ.

ಕಿಟಕಿಯಿಂದ ನೋಡಿದೆ.
ಪಠ್ಯಪುಸ್ತಕದ ರಾಶಿ, ಕೈಗಾಡಿ, ಹಾರನ್ನು, ತುಂತುರು ಹನಿ.
ಅಂಗಡಿಯ ಮೆಟ್ಟಿಲಲ್ಲೇ ನಿಂತು
ಎರಡೂ ಕೈಯಲ್ಲಿ ಕೊಡೆ ಬಿಡಿಸುತ್ತಿದ್ದಾರೆ,
ಕಡ್ಡಿ ಸಿಕ್ಕಿಕೊಂಡಿದೆ, ಜಗ್ಗುತ್ತಿದ್ದಾರೆ,
ಚೆಂಡು ಗದ್ದದಡಿ.