ಗಿಡ್ಡ ಎಳೆ

ಪ್ರಾತೊ ಊರಿನ ಹಳೇ ಗಿರಣಿ, ಬಿಸೆಂಜಿಯೊ ಹೊಳೆಯ ಪಕ್ಕ.
ನೆಡೊಗೆ ಎಪ್ಪತ್ತೊಂದು, ಕಣ್ಣು ಮಂಜು;
ಚಿಂದಿ ನೋಡುವುದು ಬೆರಳಲ್ಲಿ.
"ಇದು ಕುರಿ. ಇದೂ ಕುರಿ, ಆದರೆ ಎರಡನೇ ಜನ್ಮ.
ಇದು..." ಅಂದು ನೂಲೊಂದ ಕಿತ್ತು ಕಡ್ಡಿ ಗೀರುತ್ತಾನೆ:
ಕೂದಲು ಸುಟ್ಟ ವಾಸನೆ ಬಂದರೆ ಬಲಕ್ಕೆ,
ಕರಗಿ ಕರೀ ಮಣಿಯಾದರೆ ಎಡಕ್ಕೆ.

ಬಲದ ರಾಶಿಗೆ ಮುಂದೊಂದು ಬಾಳಿದೆ.
ಗುಂಡಿ ಕಳಚಿ, ಅಸ್ತರು ಸೀಳಿ, ನೆನೆಸಿ,
ಹಲ್ಲಿನ ಯಂತ್ರಕ್ಕೆ ಉಣಿಸಿದರೆ
ಕೋಟು ಮತ್ತೆ ಉಣ್ಣೆ.
ಬಣ್ಣದ ತೊಟ್ಟಿ ಇಲ್ಲಿಲ್ಲ:
ಪೋಲೀಸನ ನೀಲಿ ಇಷ್ಟು, ವಿಧವೆಯ ಕಪ್ಪು ಒಂದು ಹಿಡಿ,
ಯಾವುದೋ ಮಗುವಿನ ಟೊಪ್ಪಿಗೆಯ ಕೆಂಪು
ಚಿಟಿಕೆ, ಒಗ್ಗರಣೆಯ ಹಾಗೆ.
ಕಲಸಿದರೆ ಒಂದು ಬೂದು,
ಯಾವ ಅಂಗಡಿಯಲ್ಲೂ ಹೆಸರಿಲ್ಲದ್ದು.

ಎಡದ ರಾಶಿ ಲಾರಿ ಹತ್ತುತ್ತದೆ.
ಎಲ್ಲಿಗೆ ಅಂತ ಕೇಳಬೇಡ, ಯಾತಿಂಗ್, ಅನ್ನುತ್ತಾನೆ.

ಗುರುವಾರ ಒಂದು ಮೂಟೆ ಬಿಚ್ಚಿದೆ.
ಹಸಿರು ಜಾಕೆಟ್ಟು, ಬೆಲೆಚೀಟಿ ಇನ್ನೂ ತೂಗುತ್ತಿದೆ,
ಒಂದು ಸಲವೂ ಮೈ ಕಾಣದ್ದು.
ತೋಳು ಮಗುಚಿದೆ. ಒಳಹೊಲಿಗೆ ಮುಗಿಯುವಲ್ಲಿ
ಹಿಂದಕ್ಕೆ ಮೂರು, ಅಡ್ಡಕ್ಕೆ ಒಂದು:
ನನ್ನಮ್ಮನ ಕೈ.
ಹೊಳೆಯಾಚೆಯ ಶೆಡ್ಡಿನಲ್ಲಿ, ರಾತ್ರಿ ಎರಡಕ್ಕೆ,
ಮೇಜಿನಡಿ ಮಲಗಿ
ಆ ಕುಟ್ಟು ಎಣಿಸುತ್ತ ಬೆಳೆದವಳು ನಾನು.

ನೆಡೊ ನೂಲು ಕಿತ್ತ. ಕಡ್ಡಿ ಗೀರಿದ.
ಮಣಿ.
ನನ್ನ ಮುಖ ಕಂಡಿತೋ ಇಲ್ಲವೋ,
"ಹೊಲಿಗೆ ಮಾತ್ರ ನೂರು ವರ್ಷ ಬಾಳುತ್ತಿತ್ತು" ಅಂದ,
ಎಡಕ್ಕೆ ಎಸೆದ.

ಮನೆಯಲ್ಲಿ ಅಮ್ಮ ಅನ್ನ ಬಡಿಸುವಾಗ
ಜೇಬಿನಿಂದ ಆ ಬೂದು ನೂಲು ತೆಗೆದಿಟ್ಟೆ.
ಹೊಸೆದಳು, ಎಳೆದಳು, ಪಟ್ಟನೆ ಹರಿಯಿತು.
"ಗಿಡ್ಡ ಎಳೆ. ನಮ್ಮ ಮಿಷನ್ನಿನ ಓಟಕ್ಕೆ ತಡೆಯದು."
ಹೌದು, ಪ್ರತಿ ಸುತ್ತಿಗೂ ಒಂದಿಷ್ಟು ಗಿಡ್ಡ;
ಹೊಸ ಉಣ್ಣೆ ಹಿಡಿಯಷ್ಟು ಕೂಡಿಸದಿದ್ದರೆ ನಿಲ್ಲದು.
ಕಂಪನಿಯವರು ಚಕ್ರ ಅಂತಾರೆ,
ಗೋಡೆಗೆ ಬಾಣ ಬರೆಸಿದ್ದಾರೆ, ತನ್ನ ಬಾಲ ತಾನೇ ಕಚ್ಚಿದ್ದು.
ನೆಡೊ ಅದಕ್ಕೆ ಸೈಕಲ್ ಒರಗಿಸುತ್ತಾನೆ.

"ಹಾಗಾದರೆ ನಿಧಾನ ಹೊಲಿ" ಅಂದೆ.
"ನಿಧಾನಕ್ಕೆ ದುಡ್ಡು ಯಾರು ಕೊಡ್ತಾರೆ?"
ಅನ್ನ ಆರಿತು.

ಆಮೇಲೆ ಪಾತ್ರೆ ತೊಳೆದು, ಕೈ ಒರೆಸಿ,
ಹರಿದ ಎರಡು ತುದಿಗೆ ಎಂಜಲು ಹಚ್ಚಿ ಹೊಸೆದು
ಸೂಜಿಗೆ ಪೋಣಿಸಿ
ನನ್ನ ಕೋಟಿನ ಸಡಿಲ ಗುಂಡಿ ಹಾಕಿಕೊಟ್ಟಳು.
ಹಿಂದಕ್ಕೆ ಮೂರು,
ಅಡ್ಡಕ್ಕೆ ಒಂದು.