ಗಾಜಿನ ಮ್ಯಾಲ

ಅಪ್ಪ ಗಾಜಿನ ಬಳಿ ಮಾರತಿದ್ದ, ಮೆಡ್ಲೇರಿ ಕಡೆ ಊರೂರು ತಿರುಗಿ.
ನಾನು ರಾಣೇಬೆನ್ನೂರ ದನದ ದವಾಖಾನ್ಯಾಗ
ಗಾಜಿನ ಮ್ಯಾಲ ರಗತ ಒರಸ್ತೇನಿ.
ಅಡ್ಡಹೆಸರು ಇಬ್ಬರದೂ ಬಳಿಗಾರ.

ಹುಣಸಿಕಟ್ಟಿ ಕಡಿಯ ತಾಂಡಾದಿಂದ ಹೇಮಲವ್ವ
ಟಾಟಾ ಏಸಿನ್ಯಾಗ ಆಕಳ ಹೇರಿಕೊಂಡು ಬಂದಾಳ.
ಮೂರು ದಿನ ಆತು, ಮೇವು ಮೂಸಿಲ್ಲ. ನೂರಾಆರು ಜ್ವರ.
ಹೆಗಲ ಮುಂದ ನಿಂಬಿಹಣ್ಣಿನಷ್ಟು ಗಂಟು,
ರೆಪ್ಪಿ ತಿರುವಿದರ ಸುಣ್ಣ ಬಳದಂಗ ಬಿಳುಪು.
ಜರ್ಸಿ; ಡೇರಿಗೆ ದಿನಾ ಹನ್ನೊಂದು ಲೀಟರ ಹಾಕತಿತ್ತು.
"ಮಗ್ಗಲದಾಗ ಕಟ್ಟಿದ ಕಿಲಾರಿಗೆ ಏನೂ ಆಗಿಲ್ಲ ನೋಡ್ರಿ" ಅಂತಾಳ,
ಕಳ್ಳನ ಹೆಸರು ಹೇಳಿದಂಗ.

ಕಿವಿ ತುದಿಗೆ ಸೂಜಿ. ಒಂದು ಹನಿ.
ಇನ್ನೊಂದು ಗಾಜಿನ ಅಂಚಿನಿಂದ ಅದನ್ನ ಎಳೀಬೇಕು
ನಾಲಿಗಿ ಆಕಾರ ಬರೂ ಹಂಗ, ಕೈ ನಡುಗದಂಗ.
ಆಮ್ಯಾಲ ಜೀಮ್ಸಾ ಬಣ್ಣದಾಗ ಅರ್ಧ ತಾಸು.
ಆ ಅರ್ಧ ತಾಸು ಹೇಮಲವ್ವ ಸುಮ್ಮನ ಕೂಡಲಿಲ್ಲ.
ಕಿವಿಯೊಳಗ, ಬಾಲದ ಬುಡಕ, ಕೆಚ್ಚಲ ಸಂದ್ಯಾಗ
ಉಣ್ಣಿ ಕಿತ್ತು ಕಿತ್ತು ಚಹಾದ ಕಾಗದದ ಲೋಟಕ್ಕ ಹಾಕಿದಳು.
ಔಡಲ ಬೀಜದಂಗ ಉಬ್ಬಿದಾವು,
ಎಳ್ಳಿನಷ್ಟ ಇದ್ದಾವು, ಇನ್ನೂ ಉಣ್ಣದಾವು.

ಮಸೂರಕ್ಕ ಎಣ್ಣಿ ಹನಿ ಬಿಟ್ಟು ಬಗ್ಗಿದೆ.
ಗುಲಾಬಿ ಬಯಲು. ದುಂಡನ್ನ ಕಣ.
ಕಣದೊಳಗ ಉಂಗುರ, ಚುಕ್ಕಿ, ಅಲ್ಪವಿರಾಮ.
ಯಾರೋ ಒಂದು ವಾಕ್ಯ ಬರೀಲಿಕ್ಕೆ ಕುಂತು
ಬರೇ ಅಲ್ಪವಿರಾಮ ಹಾಕಿ ಎದ್ದು ಹೋದಂಗ.
ನೂರು ಕಣ ಎಣಿಸಿದೆ. ಹದಿನಾಲ್ಕರಾಗ ಬಾಡಿಗಿದಾರರು.
ಥೈಲೇರಿಯಾ ಅಂತ ಬರದು ಸಹಿ ಮಾಡಿದೆ.

ಹೋದ ವಾರ ಫಾರೆಸ್ಟ್ ಗಾರ್ಡ್ ದಾದಾಪೀರ
ಕರವಸ್ತ್ರದಾಗ ಸುತ್ತಿ ಒಂದು ಗಾಜು ತಂದಿದ್ದ.
ಹೈವೇ ದಾಟುವಾಗ ಲಾರಿ ಬಡಿದ ಗಂಡು ಚಿಗರಿಯ ರಗತ.
ಅದರಾಗೂ ಇಂಥಾದ್ದ ಅಲ್ಪವಿರಾಮ, ನೂರಕ್ಕ ಒಂದೋ ಎರಡೋ.
ಅದ ಜಾತಿಯದೋ, ಅದರ ದಾಯಾದಿಯೋ,
ನನ್ನ ಮಸೂರಕ್ಕ ಅಷ್ಟು ದೂರ ಕಾಣಂಗಿಲ್ಲ.
ಜ್ವರ ಗಿರ ಇದ್ದಿಲ್ಲ, ಲಾರಿ ಬರೂತನಕ ಜಿಗೀತಿತ್ತು ಅಂದ ದಾದಾಪೀರ.

ಸುದ್ದಿ ಹೇಮಲವ್ವಗೂ ಮುಟ್ಟಿತ್ತು.
"ಗೊಂಜಾಳ ಮೇಯೂದಲ್ಲದ ಇದನ್ನೂ ಕೊಟ್ಟು ಹೋದುವೇನ್ರಿ ಚಿಗರಿ?"
"ನಿಮ್ಮ ದನಾನ ಅವಕ್ಕ ಕೊಟ್ಟಿರಬಹುದಲ್ಲ" ಅಂದೆ.
ಆಕಿ ಲೋಟ ಅಲ್ಲಾಡಿಸಿ ನನ್ನ ಮುಂದ ಹಿಡಿದಳು.
"ಹಂಗಾರ ಇವನ್ನ ಕೇಳ್ರಿ."

ಕೇಳಿದರ ಏನು ಹೇಳತಾವ.
ಇಡೀ ಆಯುಷ್ಯಕ್ಕ ಮೂರ ಊಟ:
ಕೂಸಿದ್ದಾಗ ಒಂದು, ಪ್ರಾಯಕ್ಕ ಬರೂ ಮುಂದ ಒಂದು,
ತತ್ತಿ ಇಡೂಕಿಂತ ಮೊದಲು ಕಡೀದು.
ನಡುವ ತಿಂಗಳಗಟ್ಟಲೆ
ಗ್ವಾದ್ಲಿ ಗ್ವಾಡಿ ಬಿರುಕಿನ್ಯಾಗೋ, ಹುಲ್ಲಿನ ತುದಿಗೋ
ಮುಂಗಾಲು ಚಾಚಿಕೊಂಡು ಕಾಯೂದು,
ಯಾವುದರದರ ಉಸಿರು ಹತ್ರ ಬರೂತನಕ.
ಅದೂ ನನ್ನಂಥಾದ್ದ ನೌಕರ.
ಆಕಳದೊಂದು ಹನಿ, ಮೊಲದ್ದೊಂದು, ಚಿಗರಿದೊಂದು
ಮಾದರಿ ಕೂಡಿಸತೈತಿ, ರಿಜಿಸ್ಟರ ಇಲ್ಲ, ಸಹಿ ಇಲ್ಲ,
ಅರಣ್ಯದ ಕಲ್ಲು ಎಲ್ಲಿ ನೆಟ್ಟಾರ ಗೊತ್ತಿಲ್ಲ.
ನಾನು ಹನಿಯನ್ನ ಸಾಯಿಸಿ ನೋಡತೇನಿ.
ಅದು ಜೀವಂತ ದಾಟಿಸತೈತಿ.

ಡಾಕ್ಟರು ಬುಪಾರ್ವಾಕ್ವೋನ್ ಚುಚ್ಚಿದರು, ಕುತ್ತಿಗಿಗೆ,
ಎರಡು ಕಡೆ, ಹತ್ತತ್ತು ಮಿಲಿ.
"ಬದುಕತೈತೇನ್ರಿ, ಬಳಿಗಾರ?"
ಡಾಕ್ಟರನ್ನ ಬಿಟ್ಟು ನನ್ನ ಕೇಳಿದಳು.
ಗಾಜಿಗೆ ಆಗಿಹೋದದ್ದಷ್ಟ ಗೊತ್ತು.
ನಾಳೆ ಮುಂಜಾನೆ ಮೇವು ಮೂಸಿದರ ಫೋನ್ ಮಾಡು ಅಂದೆ.

ಲೋಟ ನನ್ನ ಮೇಜಿನ ಮ್ಯಾಲ ಬಿಟ್ಟು ಹೋದಳು.
ಸ್ಪಿರಿಟ್ ಸುರಿಯೂಕಿಂತ ಮೊದಲು, ಚಟ ನೋಡ್ರಿ, ಎಣಿಸಿದೆ:
ಅರವತ್ತೇಳು.

ರಾತ್ರಿ ಬಚ್ಚಲದಾಗ ಅಂಗಿ ತೋಳು ಮಡಚಿದರ
ಮಣಿಕಟ್ಟಿನ ಮ್ಯಾಲ, ಅಪ್ಪ ಹೆಣ್ಣಮಕ್ಕಳಿಗೆ ಬಳಿ ಏರಿಸೂ ಜಾಗದಾಗ,
ಎಳ್ಳಿನಷ್ಟ ಒಂದು,
ತಲಿ ಒಳಗ, ಉಳಿದದ್ದು ಹೊರಗ.
ಅರವತ್ತೆಂಟು.