ಖಾಲಿ ಖೇಪ

ಮೊದಲ ಸಲ ಹತ್ತಿದಾಗ ಸಣ್ಣಗ ಹತ್ತಿತ್ತು,
ದವಾಖಾನಿ ಓಣ್ಯಾಗಿನ ರಾತ್ರಿ ಬಲ್ಬಿನಂಗ,
ಹಳದಿ, ಯಾರಿಗೂ ಏನೂ ಅನ್ನದ.
ಮಹಾನಂದಾನ ಟಿಕಳಿ ಪಾಕೀಟು ಅಲ್ಲೇ ಬಿದ್ದಿತ್ತು;
ಒಂದು ಮರೂನ್ ಟಿಕಳಿ ತಗದು
ದೀಪದ ಮ್ಯಾಲ ಹಚ್ಚಿಬಿಟ್ಟೆ.
ಶೇಟ್‌ಗೆ ಕಾಣಬಾರದು. ನನಗೂ ಕಾಣಬಾರದು.

ನಮ್ಮ ಗಾಡಿ ಹೊರೂದು ದವಾಖಾನಿ ಚಾದರ.
ರಾಸ್ತಾ ಪೇಠ, ಸದಾಶಿವ ಪೇಠ, ಟಿಳಕ ರೋಡು,
ಹೆರಿಗಿ ವಾರ್ಡು, ಕಣ್ಣಿನ ವಾರ್ಡು, ಮೂಲವ್ಯಾಧಿ ಡಾಕ್ಟರನ ಮೂರನೇ ಮಹಡಿ.
ಹತ್ತು ಮಾರು ಹೋಗೂದು, ನಿಂದ್ರೂದು,
ಗಂಟು ಎತ್ತೂದು, ಎಣಸೂದು, ಸಹಿ ತಗೊಳ್ಳೂದು,
ಮತ್ತ ಹತ್ತು ಮಾರು.
ನಾಕನೇ ಗೇರು ಅಂಬೂದೊಂದು ಐತಿ ಅಂತ
ಆ ಗಾಡಿಗೆ ಯಾರೂ ಹೇಳಿಲ್ಲ.

ಎರಡನೇ ವಾರ ಎಳೀಲಿಕ್ಕೆ ವಲ್ಲೆ ಅಂತು.
ದಾಂಡೇಕರ ಪೂಲಿನ ಹತ್ತರ ಹಿಂದಿನ ರಿಕ್ಷಾದಾಂವ
ನನ್ನ ಮನಿತನದ ಸುದ್ದಿ ಎತ್ತಿದ.

ಯಾಕೂಬ ಮಿಸ್ತ್ರಿ ಉಗುರಿನಿಂದ ಟಿಕಳಿ ಕೆತ್ತಿ ತಗದ,
ಬೆರಳ ತುದಿಗೆ ಇಟ್ಕೊಂಡು ನನ್ನ ಮಾರಿ ನೋಡಿದ:
‘ಲಗ್ನಾ ಆಗೈತೇನು ಇದರ ಕೂಡ?’
ಆಮ್ಯಾಲ ನೆಲಕ್ಕ ಕುಂತು ಹೇಳಿದ.
ಹೊಟ್ಟ್ಯಾಗ ಒಂದು ಜಾಳಿಗಿ ಐತಿ, ಜೇನಹುಟ್ಟಿನಂಥಾದ್ದು.
ಊರ ಗಾಳಿಗೆ ಬಿಡಬಾರದ ಮಸಿ
ತನ್ನಲ್ಲೇ ಹಿಡದು ಇಟಗೋತೈತಿ.
ತುಂಬಿತಂದ್ರ ಸುಡಬೇಕು;
ಸುಡಾಕ ಕಾವು ಬೇಕು, ಕಾವಿಗೆ ಓಟ ಬೇಕು.
ಕಿತ್ತು ಒಗದು ಬರೇ ಕೊಳವಿ ಕೂಡಸೂ ಮಂದಿನೂ ಅದಾರ,
ನಾ ಮಾಡೂದಿಲ್ಲ, ನನ್ನ ಮಗಳಿಗೆ ದಮ್ಮೈತಿ.
ರಾತ್ರಿ ಹೈವೇಕ ಹೋಗು. ಅರವತ್ತರ ಮ್ಯಾಲ, ಅರ್ಧಾ ತಾಸು.
ನಡುವ ನಿಂದರಸಬ್ಯಾಡ.
ನಿಂದರಸಿದರ, ಒಣಾ ಹುಲ್ಲಿನ ಮ್ಯಾಲ ನಿಂದರಸಬ್ಯಾಡ.

‘ಖಾಲಿ ಗಾಡಿ ಓಡಸಾಕ ಡೀಸೆಲ್ ಯಾರಪ್ಪಂದು?’
ಅಂದ್ರು ಬೋರಾ ಶೇಟ್.
ಅವರ ಜಾಗಾದಾಗ ನಾ ಇದ್ದರ ನಾನೂ ಅಂತಿದ್ದೆ.
ಆರುನೂರು ರೂಪಾಯಿ, ನನ್ನ ಕಿಸೆದಿಂದ.

ಮಹಾನಂದಾ ಶಾಲು ಹೊತ್ತು ಬಂದು ಬಾಜೂಕ ಕುಂತಳು.
‘ಎಲ್ಲಿಗೆ?’ ‘ಎಲ್ಲಿಗೂ ಇಲ್ಲ.’
‘ಯಾರನ್ನ ಕರಕೊಂಡು ಬರಾಕ?’ ‘ಯಾರನ್ನೂ ಇಲ್ಲ.’
ಹದಿನಾರು ವರ್ಷದಾಗ ನಾವಿಬ್ಬರೂ ಕೂಡಿ ಹೋದದ್ದೆಲ್ಲಾ
ಮಣ್ಣಿಗೆ, ಮದಿವಿಗೆ,
ಇಲ್ಲಾ ಆಕಿ ತಮ್ಮನ ಕೋರ್ಟು ತಾರೀಕಿಗೆ.

ನವಲೆ ಪೂಲು ದಾಟಿತು. ಕಾತ್ರಜ ಬೋಗದಾ ನುಂಗಿ ಉಗುಳಿತು.
ಮೂರನೇ ಗೇರು. ನಾಕನೇದು.
ಸೂಜಿ ಎರಡೂವರಿ ಸಾವಿರದಾಗ ನಡಗಕೋತ ನಿಂತಿತು.
ಆಕಿ ಹಸರ ಬೋರ್ಡು ಓದಿದಳು:
ಸಾತಾರಾ, ಕೊಲ್ಹಾಪುರ, ಬೆಳಗಾವಿ.
‘ನಮ್ಮೂರು ಈ ದಾರಿಗೆ ಬರೂದಿಲ್ಲಲ್ಲ?’
ಇಲ್ಲ, ಅಕ್ಕಲಕೋಟಿ ಬ್ಯಾರೆ ದಿಕ್ಕು.
‘ಚಲೋ ಆತು,’ ಅಂದಳು, ‘ಯಾರೂ ಊಟಕ್ಕ ಕರೀಲಿಕ್ಕಿಲ್ಲ.’

ಹತ್ತನೇ ಮಿನಿಟಿಗೆ ವಾಸನಿ ಬಂತು,
ಕಾದ ಹಂಚು ಒಲಿ ಮ್ಯಾಲ ಮರತಧಂಗ.
ಆಕಿ ಕಾಜು ಏರಿಸಲಿಲ್ಲ.
ಖೇಡ-ಶಿವಾಪುರದ ಟೋಲಿನ್ಯಾಗ
ಮುಂದಿನ ಟ್ರಕ್ಕಿನ ಫಾಸ್ಟ್ಯಾಗ್ ಹತ್ತವಲ್ದು.
ನಿಂದರಬಾರದಿತ್ತು. ನಿಂತ್ವಿ.
ಗೇರು ಬಿಟ್ಟು ಕಾಲು ಒತ್ತಿ ಹಿಡದೆ, ಇಂಜಿನ್ ಒದರಾಡಿತು,
ಟೋಲಿನ ಹುಡುಗ ಓಡಿ ಬಂದ.
ಮಹಾನಂದಾ ನನ್ನ ಮ್ಯಾಲಿಂದ ಬಾಗಿ, ಮರಾಠಿಯೊಳಗ,
ಇದರ ಹೊಟ್ಟಿ ಸುಡಾಕ ಹತ್ತೈತಿ, ಲಗೂನ ಬಿಡಪ್ಪಾ ಅಂದಳು.
ಯಾರ ಹೊಟ್ಟಿ ಅಂತ ತಿಳಕೊಂಡನೋ, ಬಾಜೂದ ಲೈನು ತಗದ.

ಕಾಪೂರಹೋಳದ ಹತ್ತರ ದೀಪ ಆರಿತು.
ನಾ ನೋಡಲಿಲ್ಲ. ಆಕಿ ನೋಡಿದಳು, ಹೇಳಲಿಲ್ಲ.
ಐದಾರು ಮೈಲು ಮುಂದ, ನೀರಾ ಪೂಲಿನ ಮ್ಯಾಲ ಹೇಳಿದಳು.

ಚಾದಂಗಡಿ ಮುಂದ ನಿಂದರಸಿದೆ.
‘ಹುಲ್ಲು,’ ಅಂದಳು. ಖಡಿ ಮ್ಯಾಲ ತಗೊಂಡೆ.
ಗಾಡಿ ಆರೂ ಸಪ್ಪಳ: ಟಿಕ್. ಟಿಕ್.
ಒಂದು ಕುಂಟ ನಾಯಿ ಬಂದು ಆ ಕಾವಿನ ಬದಿಗೆ
ಸುರಳಿ ಸುತ್ತಿ ಮಲಗಿಬಿಟ್ಟಿತು.
ಎಬ್ಬಸಾಕ ಮನಸಾಗಲಿಲ್ಲ.
ಎರಡನೇ ಚಾ ಹೇಳಿದ್ವಿ.

ಮುಂಜಾನೆ ಲಾಗ್‌ಬುಕ್ಕು: ಎಲ್ಲಿಂದ, ಎಲ್ಲಿಗೆ, ಏನು ಮಾಲು.
‘ಎಲ್ಲಿಗೆ’ ಅಂಬಲ್ಲಿ ಗೀಟು ಎಳದೆ.
‘ಮಾಲು’ ಅಂಬಲ್ಲಿ: ಮಸಿ, ಹೋಗೂವಾಗ.
ಕಾಜಿನ ಮ್ಯಾಲ ಟಿಕಳಿ ಅಂಟು ಇನ್ನೂ ಗುಂಡಗೈತಿ,
ಧೂಳು ಹಿಡದು ಕರ್ರಗಾಗೈತಿ. ಒರಸಿಲ್ಲ.

ಪೇಠದಾಗ ತಿರಗಿದರ ಮತ್ತ ತುಂಬತೈತಿ ಅಂದಾನ ಯಾಕೂಬ,
ತಿಂಗಳಿಗೋ, ಎರಡು ತಿಂಗಳಿಗೋ.
ದಿನಾ ಸಂಜಿಮುಂದ, ರೊಟ್ಟಿ ಬಡಿಯೂದು ಬಿಟ್ಟು,
ಮಹಾನಂದಾ ಕೇಳತಾಳ:
ಹತ್ತಿತೇನು?